ಮಲ್ಟಿಪಲ್ ಸ್ಕ್ಲೆರೋಸಿಸ್: ಚಿಕಿತ್ಸೆ ಯಾವುದು, ಕಾಕತಾಳೀಯ ಯಾವುದು?

ವ್ಯಾಧಿಗಳಲ್ಲಿ ಎರಡು ಬಗೆ. ಬಂದ ಮೇಲೆ ದಿನೇ ದಿನೇ ಏರುತ್ತ ಹೋಗುವುದು ಒಂದು. ಬಂದು, ತಾನಾಗಿಯೇ ಇಳಿದು, ಹೇಳದೆ ಕೇಳದೆ ಮತ್ತೆ ಮರಳುವುದು ಇನ್ನೊಂದು. ಈ ಎರಡನೆಯ ಬಗೆಯ ವ್ಯಾಧಿಯು ರೋಗಿಯ ದೇಹವನ್ನು ಮಾತ್ರವಲ್ಲ, ಮನೆಯವರ ವಿವೇಕವನ್ನೂ ಪರೀಕ್ಷಿಸುತ್ತದೆ. ರೋಗ ಇಳಿದಾಗ ಅದನ್ನು ಇಳಿಸಿದ ಕೀರ್ತಿ ಯಾರಿಗೆ ಸಲ್ಲಬೇಕೆಂಬುದು ತಿಳಿಯುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇಂಥದು. ನಾವು ವೈದ್ಯರಲ್ಲ, ಮಠದ ಶಾಸ್ತ್ರಪಾಠದಲ್ಲಿ ಬೆಳೆದವರು. ಆದರೆ ಯಾವ ಮಾತಿಗೆ ಪ್ರಮಾಣವುಂಟು, ಯಾವುದಕ್ಕಿಲ್ಲ ಎಂದು ವಿಚಾರಿಸುವುದೇ ಆ ಪಾಠದ ಮೊದಲ ಅಭ್ಯಾಸ. ಆ ಅಭ್ಯಾಸದ ಬಲದಿಂದ ಈ ರೋಗದ ಬದಲಿ ಚಿಕಿತ್ಸೆಗಳ ವಿಷಯವನ್ನು ಓದುಗರ ಮುಂದಿಡುತ್ತಿದ್ದೇವೆ.

ರೋಗದ ಸ್ವರೂಪ

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಈ ಹೊದಿಕೆಯ ಮೇಲೆ ಎರಗಿದರೆ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಅಲ್ಲಲ್ಲಿ ಗಾಯಗಳಾಗಿ ಕಲೆಗಟ್ಟುತ್ತವೆ. ಆಗ ದೃಷ್ಟಿ ಮಸುಕಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ನಡಿಗೆ ತೂಗಾಡುತ್ತದೆ, ಮೂತ್ರದ ಮೇಲಿನ ಹಿಡಿತ ತಪ್ಪುತ್ತದೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಷಾರ್ಕೋ 1868ರಲ್ಲಿ ಈ ರೋಗವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದನು. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಈ ರೋಗವಿತ್ತು. ಅವರಲ್ಲಿ ಸ್ತ್ರೀಯರ ಸಂಖ್ಯೆ ಪುರುಷರ ಸಂಖ್ಯೆಯ ಎರಡರಷ್ಟು.

ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಎಂದರೆ ಮದುವೆ, ಮಕ್ಕಳು, ಸಂಸಾರದ ಕಾಲದಲ್ಲಿಯೇ ಇದು ತಲೆದೋರುತ್ತದೆ. ಇದರ ವಿಪರೀತ ಆಯಾಸ ಹೊರಗಿನವರ ಕಣ್ಣಿಗೆ ಕಾಣುವಂಥದಲ್ಲ. ಸೊಸೆ ದಣಿದು ಕುಳಿತರೆ ಸೋಮಾರಿ ಎನ್ನುವವರೇ ಹೆಚ್ಚು. ರೋಗದ ಹೆಸರು ತಿಳಿದ ಮೇಲೆ ಮನೆಯವರು ಗಾಬರಿಗೊಂಡು, ಯಾರು ಏನು ಹೇಳಿದರೂ ಅತ್ತ ಓಡುವುದು ಸಹಜ.

ಕಾಗೆಯೂ ತಾಳೆಯ ಹಣ್ಣೂ

ಬಹುಪಾಲು ರೋಗಿಗಳಲ್ಲಿ ಮೊದಲ ಕೆಲವು ವರ್ಷ ರೋಗವು ಕೆರಳುತ್ತದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಪೂರ್ಣವಾಗಿಯೋ ಅರೆಬರೆಯಾಗಿಯೋ ಇಳಿಯುತ್ತದೆ. ಹತಾಶರಾದವರು ಹೊಸ ಚಿಕಿತ್ಸೆಯನ್ನು ಹುಡುಕುವುದು ಕೆರಳಿದ ಕಾಲದಲ್ಲಿಯೇ. ಅನಂತರ ರೋಗ ತನ್ನ ಕ್ರಮದಂತೆ ಇಳಿದರೂ ಕೀರ್ತಿಯು ಆಗ ತೆಗೆದುಕೊಂಡ ಕಷಾಯಕ್ಕೋ ಚುಚ್ಚುಮದ್ದಿಗೋ ಸಲ್ಲುತ್ತದೆ. ನಮ್ಮ ಹಿರಿಯರು ಇದನ್ನೇ ಕಾಕತಾಳೀಯ ನ್ಯಾಯವೆಂದರು. ಕಾಗೆ ಕುಳಿತ ಕ್ಷಣಕ್ಕೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ಹೇಳಲಾಗದು. ಕಾರ್ಯಕಾರಣ ಸಂಬಂಧವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕ ಎರಡೂ ಬೇಕು: ಅದಿದ್ದರೆ ಇದಿರಬೇಕು, ಅದಿಲ್ಲದಿದ್ದರೆ ಇದೂ ಇರಬಾರದು. ಇಂದಿನ ವೈದ್ಯವಿಜ್ಞಾನ ಮಾಡುವುದೂ ಇದನ್ನೇ. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ. ಯಾರಿಗೆ ಯಾವುದೆಂಬುದು ರೋಗಿಗೂ ಪರೀಕ್ಷಕನಿಗೂ ತಿಳಿಯದಂತೆ ನೋಡಿಕೊಂಡು ಫಲವನ್ನು ತೂಗುತ್ತಾರೆ.

ಇಟಲಿಯ ಉದಾಹರಣೆ

ಇಟಲಿಯ ಫೆರಾರಾ ನಗರದ ರಕ್ತನಾಳ ತಜ್ಞ ಪಾವೊಲೊ ಜಾಂಬೋನಿಯವರ ಪತ್ನಿಗೆ ಈ ರೋಗವಿತ್ತು. ಕುತ್ತಿಗೆಯ ಅಶುದ್ಧ ರಕ್ತನಾಳಗಳು ಕಿರಿದಾಗಿ ಮಿದುಳಿನಿಂದ ರಕ್ತ ಸರಿಯಾಗಿ ಇಳಿಯದಿರುವುದಕ್ಕೂ ಈ ರೋಗಕ್ಕೂ ಸಂಬಂಧವುಂಟೆಂದೂ, ಬಲೂನಿನಿಂದ ಆ ನಾಳಗಳನ್ನು ಹಿಗ್ಗಿಸಿದರೆ ರೋಗಿಗಳು ಸುಧಾರಿಸುತ್ತಾರೆಂದೂ ಅವರು 2009ರಲ್ಲಿ ಪ್ರಕಟಿಸಿದರು. ಸುದ್ದಿ ಕೆನಡಾದ ದೂರದರ್ಶನದಲ್ಲಿ ಬಂದದ್ದೇ ತಡ, ಅಲ್ಲಿನ ರೋಗಿಗಳು ಪೋಲೆಂಡ್, ಕೋಸ್ಟರಿಕಾ, ಭಾರತ ಮೊದಲಾದ ದೇಶಗಳಿಗೆ ತಮ್ಮ ಹಣದಿಂದಲೇ ಹೊರಟರು. ಗಾಲಿಕುರ್ಚಿ ಬಿಟ್ಟು ಎದ್ದವರ ಕಥೆಗಳು ಹಬ್ಬಿದವು. ಈ ಚಿಕಿತ್ಸೆಯಿಂದ ಸಾವುಗಳೂ ಪಾರ್ಶ್ವವಾಯುವೂ ಸಂಭವಿಸಿದ್ದುಂಟೆಂದು 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು.

ಬಳಿಕ ತೋರಿಕೆಯ ಚಿಕಿತ್ಸೆಯೊಡನೆ ಹೋಲಿಸಿ ಪರೀಕ್ಷೆಗಳು ನಡೆದವು. ಕೆನಡಾದ 104 ರೋಗಿಗಳ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂದಿತು. ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಅದೇ ವರ್ಷ ಜಾಂಬೋನಿಯವರು ತಾವೇ ಮುಂದೆ ನಿಂತು ನಡೆಸಿದ ಪರೀಕ್ಷೆಯೂ ಪ್ರಕಟವಾಯಿತು. ತಮ್ಮ ಚಿಕಿತ್ಸೆಯನ್ನು ಈ ರೋಗಿಗಳಿಗೆ ಮಾಡಕೂಡದೆಂದು ಅವರೇ ಅದರಲ್ಲಿ ಒಪ್ಪಿಕೊಂಡರು. ತನ್ನ ಪಕ್ಷವನ್ನು ತಾನೇ ಪರೀಕ್ಷೆಗೊಡ್ಡಿ, ಸೋತಾಗ ಸೋತೆನೆನ್ನುವುದು ವಿದ್ವಾಂಸನ ಲಕ್ಷಣ. ಆದರೆ ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು; ಖರ್ಚಾದ ಹಣ ಮರಳಿ ಬರುವಂತಿರಲಿಲ್ಲ.

ಜೇನುಹುಳುವಿನ ಕಡಿತ, ಯೋಗ

ಜೇನುಹುಳುಗಳಿಂದ ಕಚ್ಚಿಸಿಕೊಳ್ಳುವ ಚಿಕಿತ್ಸೆಗೂ ಬಹಳ ಪ್ರಚಾರವಿತ್ತು. ಹಾಲೆಂಡಿನಲ್ಲಿ 26 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಯಾವ ಪ್ರಯೋಜನವೂ ಕಂಡುಬರಲಿಲ್ಲ.

ಹಾಗೆಂದು ಬದಲಿ ಮಾರ್ಗಗಳೆಲ್ಲ ವ್ಯರ್ಥವೆಂದೂ ತಿಳಿಯಬಾರದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 69 ರೋಗಿಗಳನ್ನು ವಿಂಗಡಿಸಿ ಕೆಲವರಿಗೆ ಅಯ್ಯಂಗಾರ್ ಪದ್ಧತಿಯ ಯೋಗವನ್ನೂ ಕೆಲವರಿಗೆ ವ್ಯಾಯಾಮವನ್ನೂ ಆರು ತಿಂಗಳು ಕಲಿಸಿದರು; ಉಳಿದವರಿಗೆ ಎರಡೂ ಇಲ್ಲ. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಯೋಗ ಮಾಡಿದವರಲ್ಲಿಯೂ ವ್ಯಾಯಾಮ ಮಾಡಿದವರಲ್ಲಿಯೂ ಆಯಾಸ ಕಡಿಮೆಯಾಗಿತ್ತು. ಆ ಪದ್ಧತಿಯ ಪ್ರವರ್ತಕರಾದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದವರೆಂಬುದು ಸಂತೋಷದ ಸಂಗತಿ. ಆದರೆ ಆಯಾಸವನ್ನು ತಗ್ಗಿಸುವುದು ಬೇರೆ, ರೋಗವನ್ನು ತಡೆಯುವುದು ಬೇರೆ. ಯೋಗವು ಔಷಧದ ಜೊತೆಗಿರಲಿ, ಔಷಧದ ಬದಲಿಗೆ ಬೇಡ.

ಒಂದೇ ಹೆಸರು, ಎರಡು ವಸ್ತು

ಈಗ ಹೆಚ್ಚು ಕೇಳಿಬರುವ ಮಾತು ಸ್ಟೆಮ್ ಸೆಲ್, ಅಂದರೆ ಆಕರಕೋಶ. ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆಗಳಿವೆ.

ಮೊದಲನೆಯದು ರಕ್ತದ ಕ್ಯಾನ್ಸರಿಗೆ ಮಾಡುವ ಚಿಕಿತ್ಸೆಯ ರೀತಿಯದು. ರೋಗಿಯ ರಕ್ತದ ಆಕರಕೋಶಗಳನ್ನು ತೆಗೆದಿರಿಸಿ, ತೀಕ್ಷ್ಣವಾದ ಔಷಧಗಳಿಂದ ದಾರಿತಪ್ಪಿದ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ, ಬಳಿಕ ಅವೇ ಕೋಶಗಳನ್ನು ಮರಳಿ ಸೇರಿಸಿ ವ್ಯವಸ್ಥೆಯನ್ನು ಹೊಸದಾಗಿ ಬೆಳೆಸುತ್ತಾರೆ. ಇಲ್ಲಿ ಕೋಶಗಳು ನರವನ್ನು ದುರಸ್ತಿ ಮಾಡುವುದಿಲ್ಲ. ರೋಗವನ್ನು ತಡೆಯುವ ಕೆಲಸ ಆ ತೀಕ್ಷ್ಣ ಔಷಧದ್ದು. ಷಿಕಾಗೋದ ರಿಚರ್ಡ್ ಬರ್ಟ್ ನೇತೃತ್ವದಲ್ಲಿ 110 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಚಿಕಿತ್ಸೆ ಪಡೆದ ಗುಂಪಿನ 3 ಜನರಲ್ಲಿ ರೋಗ ಮುಂದುವರಿದರೆ ಮಾಮೂಲಿ ಔಷಧಗಳ ಗುಂಪಿನ 34 ಜನರಲ್ಲಿ ಮುಂದುವರಿಯಿತು. ಆದರೆ ಹೋಲಿಕೆಯಲ್ಲಿ ಅತ್ಯಂತ ಪ್ರಬಲವಾದ ಹೊಸ ಔಷಧಗಳು ಇರಲಿಲ್ಲ. ಕೆರಳಿ ಇಳಿಯುವ ಹಂತದ, ಔಷಧಕ್ಕೆ ಬಗ್ಗದ ರೋಗಕ್ಕೆ ಇದು ಒದಗುತ್ತದೆ. ಬಹುಕಾಲದಿಂದ ಏರುತ್ತಲೇ ಇರುವ ರೋಗಕ್ಕೆ ಇದರ ಫಲ ಅಲ್ಪ. ಸೋಂಕು, ಬಂಜೆತನ, ವಿರಳವಾಗಿ ಮರಣದ ಅಪಾಯವೂ ಇದರಲ್ಲುಂಟು.

ಎರಡನೆಯದು ಅಸ್ಥಿಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು ರಕ್ತನಾಳಕ್ಕೋ ಬೆನ್ನುಹುರಿಯ ದ್ರವಕ್ಕೋ ಚುಚ್ಚುವುದು. ಜಾಹೀರಾತುಗಳಲ್ಲಿ ಬರುವುದು ಬಹುಶಃ ಇದೇ. ಅಸ್ಥಿಮಜ್ಜೆಯಿಂದ ಬೆಳೆಸಿದ ಇಂಥ ಕೋಶಗಳನ್ನು 144 ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮಿದುಳಿನ ಹೊಸ ಗಾಯಗಳು ಕಡಿಮೆಯಾಗಿರಲಿಲ್ಲ. ಕಟ್ಟುನಿಟ್ಟಿನ ಪರೀಕ್ಷೆಯ ಮಾತು ಹೀಗಾದರೆ ವ್ಯಾಪಾರದ ಮಾತೇ ಬೇರೆ. ರೋಟರ್‌ಡ್ಯಾಮ್ ನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ವೈದ್ಯನೊಬ್ಬನು ಈ ರೋಗಿಗಳಿಗೆ ಚುಚ್ಚಿದ ದ್ರವ್ಯದಲ್ಲಿ ದನದ ಮಿದುಳು, ಬೆನ್ನುಹುರಿಗಳ ಅಂಶವಿತ್ತೆಂದು ತಿಳಿದುಬಂದು, ಬ್ರಿಟನ್ನಿನ ವೈದ್ಯಕೀಯ ಮಂಡಳಿ 2010ರಲ್ಲಿ ಅವನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು.

ನಮ್ಮ ದೇಶದ ನಿಯಮ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಹೆಸರಿನಲ್ಲಿ ಆಕರಕೋಶ ಸಂಶೋಧನೆ ಮತ್ತು ಚಿಕಿತ್ಸೆ ಎಂದಿತ್ತು. 2013ರ ಆವೃತ್ತಿಯಲ್ಲಿ ‘ಚಿಕಿತ್ಸೆ’ ಎಂಬ ಪದವನ್ನೇ ಬಿಟ್ಟರು. ಇನ್ನೂ ಸಂಶೋಧನೆಯಲ್ಲಿರುವುದನ್ನು ಚಿಕಿತ್ಸೆಯೆನ್ನಲಾಗದು ಎಂಬುದೇ ಅದರ ಅಭಿಪ್ರಾಯ. 2017ರ ಆವೃತ್ತಿಯು, ಕೆಲವು ರಕ್ತಸಂಬಂಧಿ ರೋಗಗಳು ಮುಂತಾಗಿ ಒಪ್ಪಿತವಾದವುಗಳ ಹೊರತು ಉಳಿದ ರೋಗಗಳಲ್ಲಿ ಅನುಮತಿ ಪಡೆದ ಪರೀಕ್ಷೆಯಾಗಿ ಮಾತ್ರ ಆಕರಕೋಶವನ್ನು ಬಳಸಬಹುದೆಂದಿತು.

ಆದ್ದರಿಂದ ಹೊಲ ಮಾರುವ, ಬಂಗಾರ ಒತ್ತೆಯಿಡುವ ಮುನ್ನ ಮನೆಯವರು ನಾಲ್ಕು ಪ್ರಶ್ನೆ ಕೇಳಬೇಕು. ಇದು ಪರೀಕ್ಷೆಯಾದರೆ ಭಾರತದ ಪರೀಕ್ಷೆಗಳ ನೋಂದಣಿ ಪುಸ್ತಕದಲ್ಲಿ ಇದರ ಸಂಖ್ಯೆ ಯಾವುದು? ಪರೀಕ್ಷೆಯೆನ್ನುವುದಾದರೆ ರೋಗಿಯಿಂದ ಹಣ ಕೇಳುವುದೇಕೆ? ಚುಚ್ಚುವ ಕೋಶ ಎಲ್ಲಿಯದು? ಚಿಕಿತ್ಸೆ ಇಲ್ಲದವರೊಡನೆ ಹೋಲಿಸಿ ನೋಡಿದ್ದಾರೆಯೇ? ನೇರವಾದ ಉತ್ತರ ಬಾರದಿದ್ದರೆ ಎದ್ದುಬರುವುದು ಲೇಸು. ನಡೆಯುತ್ತಿರುವ ಔಷಧವನ್ನು ನಿಲ್ಲಿಸೆಂದು ಹೇಳುವವರಿಂದಂತೂ ದೂರವಿರಬೇಕು.

ಈ ರೋಗಕ್ಕೆ ಪೂರ್ಣ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆದರೆ 1993ರಲ್ಲಿ ಅಮೆರಿಕದಲ್ಲಿ ಮೊದಲ ಇಂಟರ್‌ಫೆರಾನ್ ಔಷಧಕ್ಕೆ ಒಪ್ಪಿಗೆ ದೊರೆತಂದಿನಿಂದ ರೋಗ ಕೆರಳುವುದನ್ನು ತಗ್ಗಿಸುವ ಹಲವು ಔಷಧಗಳು ಬಂದಿವೆ. ಮೊದಲಿನಿಂದಲೂ ಏರುವ ಬಗೆಗೂ 2017ರಲ್ಲಿ ಒಂದು ಔಷಧ ದೊರೆಯಿತು. ಬೇಗ ತೊಡಗಿದಷ್ಟೂ ಒಳ್ಳೆಯದು, ಏಕೆಂದರೆ ನಾಶವಾದ ನರತಂತು ಮತ್ತೆ ಬರುವುದಿಲ್ಲ. ತಪ್ಪು ದಾರಿಯಲ್ಲಿ ಹಣಕ್ಕಿಂತ ಮೊದಲು ಕಳೆಯುವುದು ಈ ಕಾಲವೇ. ಮನೆಯ ಮಗಳಿಗೋ ಸೊಸೆಗೋ ಈ ವ್ಯಾಧಿ ಬಂದರೆ ಅವಳ ದಣಿವನ್ನು ನಂಬಿರಿ, ನರರೋಗ ತಜ್ಞರಲ್ಲಿ ತಡಮಾಡದೆ ತೋರಿಸಿರಿ, ಬರೆದುಕೊಟ್ಟ ಔಷಧವನ್ನು ತಪ್ಪದೆ ಕೊಡಿಸಿರಿ.