ಇಂಗ್ಲಿಷ್ ಕ್ರಿಯಾಪದಗಳೂ ನಮ್ಮ ಮನೆಮಾತೂ

ಮಕ್ಕಳ ಇಂಗ್ಲಿಷ್ ಅಭ್ಯಾಸದ ಮಾತು ಬಂದೊಡನೆ ನಮ್ಮ ಅನೇಕ ಮನೆಗಳಲ್ಲಿ ತಂದೆತಾಯಿಗಳು ಹಿಂದೆ ಸರಿಯುತ್ತಾರೆ. “ಅದು ನಮಗ ತಿಳಿಯೂದಿಲ್ಲ, ಮಾಸ್ತರರನ್ನ ಕೇಳು” ಎಂಬ ಉತ್ತರ ಗಜೇಂದ್ರಗಡ ಸೀಮೆಯ ಪುರ್ತಗೇರಿಯಂಥ ಹಳ್ಳಿಗಳಲ್ಲಷ್ಟೇ ಅಲ್ಲ, ಗದಗ, ಹುಬ್ಬಳ್ಳಿಗಳ ಮನೆಗಳಲ್ಲಿಯೂ ಕೇಳಿಬರುತ್ತದೆ. ಸರಕಾರಿ ಕನ್ನಡ ಶಾಲೆಗಳಲ್ಲಿ ಮೊದಲು ಐದನೆಯ ಇಯತ್ತೆಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ 2007ರಿಂದ ಒಂದನೆಯ ಇಯತ್ತೆಗೇ ಇಳಿದು ಬಂದಿದೆ. ಹೀಗಿರುವಾಗ ಆರು ವರುಷದ ಕೂಸು ಮನೆಯಲ್ಲಿ ಯಾರನ್ನು ಕೇಳಬೇಕು? ಇಂಗ್ಲಿಷಿನಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಕ್ರಿಯಾಪದದಲ್ಲಿ. ಆದರೆ ಕನ್ನಡವನ್ನು ಸರಿಯಾಗಿ ಆಡಬಲ್ಲ ತಾಯಿಯು ಆ ಕ್ರಿಯಾಪದಗಳ ಬಗೆಗಳನ್ನು ಬಹುಮಟ್ಟಿಗೆ ಬಲ್ಲವಳೇ ಆಗಿರುತ್ತಾಳೆ. ಅವುಗಳ ಹೆಸರುಗಳನ್ನು ಮಾತ್ರ ಅರಿಯಳು.

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಧಾತುವಿಗೊಂದು, ಆಖ್ಯಾತಕ್ಕೊಂದು ಪ್ರಕರಣವನ್ನೇ ಮೀಸಲಿರಿಸಿದನು. ಜರ್ಮನಿಯಿಂದ ಬಂದು ಕನ್ನಡ ಕಲಿತ ಕಿಟ್ಟೆಲ್ ಪಂಡಿತರು ಆ ಗ್ರಂಥವನ್ನು ಆಧರಿಸಿ 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ನಾವು ಈಗ ಮಾಡಬೇಕಾದುದು ಅದರ ತಿರುವು: ಇಂಗ್ಲಿಷನ್ನು ಕನ್ನಡದ ಮೂಲಕ ನೋಡುವುದು.

ಮೊದಲು ಸಕರ್ಮಕ, ಅಕರ್ಮಕಗಳನ್ನು ತೆಗೆದುಕೊಳ್ಳೋಣ. ‘ಏನನ್ನು?’, ‘ಯಾರನ್ನು?’ ಎಂದು ಕೇಳಿದರೆ ಉತ್ತರ ದೊರೆಯುವುದು ಸಕರ್ಮಕ, ದೊರೆಯದಿದ್ದರೆ ಅಕರ್ಮಕ. ಇಷ್ಟು ಎರಡೂ ಭಾಷೆಗಳಿಗೆ ಸಮಾನ. ಭೇದವಿರುವುದು ರೂಪದಲ್ಲಿ. ನೀರು ಕುದಿಯಿತು, ಅವ್ವ ನೀರನ್ನು ಕುದಿಸಿದಳು. ನಮ್ಮಲ್ಲಿ ‘ಇಸು’ ಪ್ರತ್ಯಯ ಸೇರಿ ಧಾತುವೇ ಬದಲಾಯಿತು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಬಾಯ್ಲ್ಡ್’ ಎಂಬ ಒಂದೇ ಪದ. ಅಲ್ಲಿ ಪದದ ಸ್ಥಾನವೇ ಅರ್ಥವನ್ನು ಹೇಳುತ್ತದೆಯಾದ್ದರಿಂದ ಪದಗಳನ್ನು ಕನ್ನಡದಂತೆ ಹಿಂದುಮುಂದು ಮಾಡಲಾಗದು.

ಇಲ್ಲಿ ನಮ್ಮ ಭಾಗದ ಆಡುಮಾತು ಒಂದು ಉಪಕಾರ ಮಾಡಿದೆ. ‘ಊರಿಗೆ ತಲುಪಿದೆವು’ ಎಂಬ ಗ್ರಾಂಥಿಕ ವಾಕ್ಯವನ್ನು ಮನದಲ್ಲಿಟ್ಟುಕೊಂಡ ವಿದ್ಯಾರ್ಥಿಯು ‘ರೀಚ್ಡ್ ಟು’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ನಮ್ಮ ರೈತನಾದರೋ “ಗಜೇಂದ್ರಗಡ ಮುಟ್ಟಿದ್ವಿ” ಎನ್ನುತ್ತಾನೆ. ಅಲ್ಲಿ ‘ಗೆ’ ಇಲ್ಲ, ‘ಕ್ಕೆ’ ಇಲ್ಲ. ಇಂಗ್ಲಿಷಿನ ‘ವಿ ರೀಚ್ಡ್ ಗಜೇಂದ್ರಗಡ’ ಎಂಬುದೂ ಹಾಗೆಯೇ. ಇದಕ್ಕೆ ವಿರುದ್ಧವಾದುದು ‘ಲಿಸನ್’. ನಾವು ಹಾಡನ್ನು ಕೇಳುತ್ತೇವೆ. ಅವರಿಗೆ ‘ಲಿಸನ್’ ಪದದ ಮುಂದೆ ‘ಟು’ ಇಲ್ಲದೆ ಹಾಡು ಕೇಳುವುದಿಲ್ಲ.

ನಿಜವಾಗಿಯೂ ಹೊಸದಾದದ್ದು ಸಂಯೋಜಕ ಕ್ರಿಯಾಪದ. ‘ಶಿವಪ್ಪ ರೈತ’ ಎಂದರೆ ಕನ್ನಡದಲ್ಲಿ ಪೂರ್ಣ ವಾಕ್ಯ. ಅಲ್ಲಿ ಕ್ರಿಯಾಪದದ ಅಗತ್ಯವಿಲ್ಲ. ಇಂಗ್ಲಿಷ್ ವಾಕ್ಯವಾದರೋ ಕ್ರಿಯಾಪದವಿಲ್ಲದೆ ನಿಲ್ಲದು. ಆದುದರಿಂದ ‘ಶಿವಪ್ಪ ಈಸ್ ಎ ಫಾರ್ಮರ್’. ಈ ‘ಈಸ್’ ಯಾವ ಕೆಲಸವನ್ನೂ ತಿಳಿಸುವುದಿಲ್ಲ. ಎರಡು ಪದಗಳನ್ನು ಬೆಸೆಯುತ್ತದೆ, ಅಷ್ಟೆ. ಇದರ ಮೂಲವಾದ ‘ಬಿ’ ಧಾತುವಿಗೆ ಒಟ್ಟು 8 ರೂಪಗಳು: ಬಿ, ಆ್ಯಮ್, ಈಸ್, ಆರ್, ವಾಜ್, ವೇರ್, ಬೀಯಿಂಗ್, ಬೀನ್. ಬೇರಾವ ಇಂಗ್ಲಿಷ್ ಧಾತುವಿಗೂ ಇಷ್ಟು ವೇಷಗಳಿಲ್ಲ. ಮಕ್ಕಳು ಮೊದಲು ಇದನ್ನು ಬಿಟ್ಟು ಬರೆಯುತ್ತಾರೆ; ಕಲಿತ ಬಳಿಕ ಬೇಡವಾದಲ್ಲಿಯೂ ತುರುಕಿ ‘ಐ ಆ್ಯಮ್ ಗೋ’ ಎನ್ನುತ್ತಾರೆ. ಕೆಲಸವನ್ನು ಹೇಳುವ ಪದ ಬಂದಾಗ ಬೆಸುಗೆ ಬೇಡವೆಂದು ತಿಳಿಸಿದರೆ ಸಾಕು. (ದೊಡ್ಡವರೂ ಇದಕ್ಕೆ ಹೊರತಲ್ಲ. ‘ಇದು ಒಂದು ಸುಂದರ ಊರಾಗಿದೆ’ ಎಂದು ಈಗ ಕನ್ನಡದಲ್ಲಿಯೇ ಬರೆಯುತ್ತಿದ್ದೇವೆ! ‘ಇದು ಸುಂದರ ಊರು’ ಎಂದರೆ ಏನು ಕಡಿಮೆಯಾದೀತು?)

ಸ್ಥಿತಿವಾಚಕ ಕ್ರಿಯಾಪದಗಳೂ ಮಕ್ಕಳನ್ನು ಕಾಡುತ್ತವೆ. ‘ಐ ಆ್ಯಮ್ ನೋಯಿಂಗ್’ ಎಂಬ ತಪ್ಪು ಓದಿದವರ ಬಾಯಲ್ಲಿಯೂ ಉಂಟು. ಇದಕ್ಕೊಂದು ಸುಲಭವಾದ ಗುರುತು ಕನ್ನಡದಲ್ಲಿಯೇ ಇದೆ. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಅರ್ಥವಾಗಿದೆ. ನಾವು ‘ನಾನು’ ಎನ್ನದೆ ‘ನನಗೆ’ ಎನ್ನುವ ಕಡೆ ಮಾಡುವ ಕೆಲಸವಿಲ್ಲ, ಇರುವ ಸ್ಥಿತಿ ಇದೆ. ಇಂಥಲ್ಲಿ ಬರುವ ‘ನೋ’, ‘ವಾಂಟ್’, ‘ಲೈಕ್’, ‘ರಿಮೆಂಬರ್’, ‘ಅಂಡರ್‌ಸ್ಟ್ಯಾಂಡ್’ ಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚಬಾರದು. ಎಲ್ಲ ಕಡೆಗೂ ಈ ಗುರುತು ಒಪ್ಪದು. ಆದರೂ ಪರೀಕ್ಷೆಯ ಹೊತ್ತಿಗೆ ನೆನಪಿನಲ್ಲಿ ನಿಲ್ಲುತ್ತದೆ.

ಸಹಾಯಕ ಕ್ರಿಯಾಪದ ನಮಗೆ ಹೊಸದಲ್ಲ. ‘ಹೋಗುತ್ತಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಹೋಗುತ್ತ ಇದ್ದಾನೆ’. ‘ಈಸ್ ಗೋಯಿಂಗ್’ ಸಹ ಅದೇ ಜೋಡಿ, ಹಿಂದುಮುಂದಾಗಿದೆ, ಅಷ್ಟೆ. ‘ಹೋಗಿದ್ದಾನೆ’ ಎಂಬಲ್ಲಿ ಮಾತ್ರ ಇಂಗ್ಲಿಷು ‘ಇರು’ ಬಿಟ್ಟು ‘ಹ್ಯಾಸ್’ ಹಿಡಿಯುತ್ತದೆ. ‘ಡು’ ಎಂಬುದಕ್ಕೆ ಸರಿಸಾಟಿ ನಮ್ಮಲ್ಲಿಲ್ಲ. ಕ್ರಿಯಾಪದದ ಕೊನೆಯನ್ನು ಎಳೆದು ‘ಹೋದೆಯಾ?’ ಎಂದರೆ ನಮ್ಮ ಪ್ರಶ್ನೆ ಮುಗಿಯಿತು. ಅಲ್ಲಿ ‘ಡಿಡ್’ ಮುಂದೆ ಬಂದು ಭೂತಕಾಲದ ಭಾರವನ್ನೆಲ್ಲ ತಾನೇ ಹೊರುತ್ತದೆ. ಆಗ ‘ವೆಂಟ್’ ಎಂಬುದು ಮರಳಿ ‘ಗೋ’ ಆಗಬೇಕು.

ಬೇಕು, ಬಹುದು, ಬಾರದು ಎಂಬುವು ಇನ್ನೊಂದು ಗುಂಪು. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು: ಕರ್ತೃ ಬದಲಾದರೂ ‘ಬೇಕು’ ಬದಲಾಗದು. ‘ಮಸ್ಟ್’, ‘ಮೇ’, ‘ಕ್ಯಾನ್’ಗಳ ನಡತೆಯೂ ಹೀಗೆಯೇ, ಅವುಗಳಿಗೆ ‘ಎಸ್’ ಹತ್ತುವುದಿಲ್ಲ. ಆದರೆ ಔಷಧಿಯ ಚೀಟಿಯನ್ನು ಓದುವಾಗ ಎಚ್ಚರವಿರಲಿ. ‘ಮಸ್ಟ್ ನಾಟ್’ ಎಂದರೆ ‘ಮಾಡಬೇಕಾಗಿಲ್ಲ’ ಎಂದಲ್ಲ, ‘ಮಾಡಲೇಬಾರದು’ ಎಂದು.

ಉಳಿದದ್ದು ನಿಯಮಿತ ಮತ್ತು ಅನಿಯಮಿತ ರೂಪಗಳ ಗೋಳು. ‘ಗೋ’ ಏಕೆ ‘ವೆಂಟ್’ ಆಯಿತೆಂದು ಮಗು ಅತ್ತರೆ, ‘ಬರು’ ಹೇಗೆ ‘ಬಂದ’ನಾಯಿತು, ‘ನಗು’ ಹೇಗೆ ‘ನಕ್ಕ’, ‘ಏಳು’ ಹೇಗೆ ‘ಎದ್ದ’ ಆಯಿತೆಂದು ಕೇಳಿರಿ. ‘ಮಾಡಿದ’, ‘ನೋಡಿದ’, ‘ಓದಿದ’ ಎಂಬ ನೇರ ದಾರಿಯನ್ನು ಬಿಟ್ಟ ಈ ರೂಪಗಳನ್ನು ನಾವು ಯಾವ ಕೋಷ್ಟಕದಿಂದಲೂ ಕಲಿಯಲಿಲ್ಲ. ಕೇಳಿ ಕೇಳಿ ಕಲಿತೆವು. ಇಂಗ್ಲಿಷಿನಲ್ಲಿ ನಿತ್ಯ ಬಳಕೆಯ ಅನಿಯಮಿತ ಧಾತುಗಳು ಇನ್ನೂರರ ಒಳಗಿವೆ. ರಾತ್ರಿ ಊಟಕ್ಕೆ ಮೊದಲು ದಿನಕ್ಕೆ ಐದರಂತೆ ಮಗುವಿನಿಂದ ಗಟ್ಟಿಯಾಗಿ ಹೇಳಿಸಿದರೆ ನಾಲ್ವತ್ತು ದಿನಗಳ ಕೆಲಸ. ಹಿಡಿದು ಕೂಡ್ರಿಸುವವರಿಗೆ ಇಂಗ್ಲಿಷ್ ಬರಲೇಬೇಕೆಂದಿಲ್ಲ. ಮಗು ಹೇಳುವುದನ್ನು ಕೇಳುತ್ತ, ‘ತಂದ’, ‘ಕೊಟ್ಟ’, ‘ಬಿದ್ದ’ ಎಂದು ಕನ್ನಡದ ರೂಪವನ್ನು ಜೊತೆಗೆ ಹೇಳುತ್ತ ಕುಳಿತರೆ ಆಯಿತು.