ಬೆರಿಯಾ ಕಾಲೇಜು: ಸಹಾಧ್ಯಯನ ಮತ್ತು ದುಡಿಮೆ

ಅಮೆರಿಕದ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜನ್ನು ಗುಲಾಮಗಿರಿಯ ವಿರೋಧಿಯಾಗಿದ್ದ ಪಾದ್ರಿ ಜಾನ್ ಫೀ 1855ರಲ್ಲಿ ಶಾಲೆಯಾಗಿ ಆರಂಭಿಸಿದನು. ಮನುಕುಲವೆಲ್ಲ ಒಂದೇ ರಕ್ತದ್ದೆಂಬ ಬೈಬಲಿನ ನಂಬಿಕೆಯೇ ಅದರ ತಳಹದಿ. ಅಂತರ್ಯುದ್ಧದ ತರುವಾಯ ಕಪ್ಪು, ಬಿಳಿಯ ವಿದ್ಯಾರ್ಥಿಗಳು ಅಲ್ಲಿ ಒಟ್ಟಿಗೆ ಕಲಿತರು. 1904ರ ರಾಜ್ಯ ಶಾಸನ ಈ ಸಹಾಧ್ಯಯನವನ್ನು ನಿಷೇಧಿಸಿತು. ಕಾಲೇಜು ರಾಜ್ಯದ ಸನ್ನದು ಪಡೆದ ನಿಗಮ, ಆ ಸನ್ನದನ್ನು ರಾಜ್ಯವು ತಿದ್ದಬಹುದು ಎಂಬ ಕಾರಣವೊಡ್ಡಿ 1908ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಧರ್ಮಶ್ರದ್ಧೆಯ ಪ್ರಶ್ನೆ ಹೀಗೆ ಸನ್ನದಿನ ಪ್ರಶ್ನೆಯಾಗಿ ಕುಗ್ಗಿತು! 1950ರ ತಿದ್ದುಪಡಿಯವರೆಗೂ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ.

ಸಮಾನತೆಯ ಇನ್ನೊಂದು ಮುಖ ದುಡಿಮೆ. ಇಲ್ಲಿ ಬೋಧನಾ ಶುಲ್ಕವಿಲ್ಲ; ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಹೊಲ, ಮಗ್ಗ, ಗ್ರಂಥಾಲಯ ಮುಂತಾದೆಡೆ ದುಡಿಯಬೇಕು. ಇದನ್ನು ಶುಲ್ಕಕ್ಕೆ ಬದಲೆಂದು ಭಾವಿಸುವುದು ಸರಿಯಲ್ಲ. ವೆಚ್ಚದ ಬಹುಪಾಲನ್ನು ಭರಿಸುವುದು ದತ್ತಿನಿಧಿ. ದುಡಿಮೆಯು ವ್ಯಾಸಂಗದ ಅಂಗವಾಗಿದ್ದು, ಅದಕ್ಕೂ ಮೌಲ್ಯಮಾಪನವಿದೆ.