ಕಂಟ್ರೋಲ್ ಒತ್ತಿದರೂ ತೆರೆಯದ ಟ್ಯಾಬು

ಒಡೆಯರಪಾಳ್ಯದಲ್ಲಿ ಆನ್‌ಲೈನ್ ಅರ್ಜಿಗಳನ್ನು ತುಂಬಿಕೊಡುವ ಸಣ್ಣ ಅಂಗಡಿಯೊಂದನ್ನು ನಡೆಸುವ ವಾಚಕರೊಬ್ಬರು, ಸುತ್ತಲಿನ ಹಳ್ಳಿಗಳ ರೈತರೂ ಅಲ್ಲಿನ ಟಿಬೆಟನ್ ಕ್ಯಾಂಪಿನ ತರುಣರೂ ಬಾಗಿಲಲ್ಲಿ ಕಾದು ನಿಂತಿರುವಾಗಲೇ ತಮಗೊದಗುವ ತೊಡಕೊಂದನ್ನು ವಿವರಿಸಿ ಪತ್ರ ಬರೆದಿದ್ದಾರೆ. ಪಟ್ಟಿಯಲ್ಲಿರುವ ಲಿಂಕುಗಳನ್ನು ಕಂಟ್ರೋಲ್ ಕೀಲಿ ಅದುಮಿ ಹಿಡಿದು ಒಂದೊಂದಾಗಿ ಕ್ಲಿಕ್ಕಿಸಿದರೆ ಅವು ಬೇರೆ ಬೇರೆ ಟ್ಯಾಬುಗಳಲ್ಲಿ ತೆರೆದುಕೊಳ್ಳುವುದು ವಾಡಿಕೆ. ಕೆಲವು ಜಾಲತಾಣಗಳಲ್ಲಿ ಮಾತ್ರ ಪಟ್ಟಿಯೇ ಅಂತರ್ಧಾನವಾಗಿ ಅದರ ಸ್ಥಾನದಲ್ಲಿ ಹೊಸ ಪುಟ ಬಂದು ಕೂರುತ್ತದೆ. ಇದು ಮೌಸಿನ ದೋಷವೋ ವೈರಸ್ಸಿನ ಚೇಷ್ಟೆಯೋ ಎಂಬುದು ಅವರ ಪ್ರಶ್ನೆ. ಮಿತ್ರರ ಉಪದೇಶದಂತೆ ಡೆಸ್ಕ್‌ಟಾಪಿನ ಮೇಲೆ ಮತ್ತೆ ಮತ್ತೆ ರಿಫ್ರೆಶ್ ಒತ್ತಿಯೂ ನೋಡಿದರಂತೆ.

ಈ ರಿಫ್ರೆಶ್ ಎಂಬುದು ನಮ್ಮ ಕಂಪ್ಯೂಟರ್ ತರಬೇತಿ ಶಾಲೆಗಳಲ್ಲಿ ಗುರುಪರಂಪರೆಯಿಂದ ಇಳಿದು ಬಂದಿರುವ ಜಪ. ಪರದೆಯ ಮೇಲಿನ ಚಿತ್ರಗಳನ್ನು ಮತ್ತೊಮ್ಮೆ ಬಿಡಿಸುವುದರ ಹೊರತು ಅದರಿಂದ ಯಂತ್ರಕ್ಕೆ ವೇಗವೂ ಬಾರದು, ಆರೋಗ್ಯವೂ ಬಾರದು. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮವಿಡುವುದರಲ್ಲಿ ಕೃತಜ್ಞತೆಯಾದರೂ ಉಂಟು. ವಿದ್ಯಾವಂತರು ಬಿಡದೆ ಆಚರಿಸುವ ಈ ಜಪದಲ್ಲಿ ಅದೂ ಇಲ್ಲ.

ಮೌಸು ನಿರ್ದೋಷಿ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರನ್ನು ರಚಿಸಿದಾಗ ಲಿಂಕ್ ಎಂಬುದು ಕೇವಲ ಒಂದು ವಿಳಾಸವಾಗಿತ್ತು. ಅದನ್ನು ಹೇಗೆ ತೆರೆಯಬೇಕೆಂಬುದು ಓದುವವನ ಮತ್ತು ಅವನ ಬ್ರೌಸರಿನ ನಡುವಣ ವ್ಯವಹಾರ, ಪುಟಕ್ಕೆ ಅದರಲ್ಲಿ ಅಧಿಕಾರವಿರಲಿಲ್ಲ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ರೂಪಿಸಿಕೊಟ್ಟ ಜಾವಾಸ್ಕ್ರಿಪ್ಟ್ ಭಾಷೆಯಿಂದ ಪುಟಗಳಿಗೆ ಬುದ್ಧಿಯೂ, ಬುದ್ಧಿಯೊಡನೆ ಅನಿವಾರ್ಯವಾಗಿ ಅಧಿಕಪ್ರಸಂಗವೂ ಪ್ರಾಪ್ತವಾದವು.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇಲ್ಲಿದೆ. ನಾವು ಲಿಂಕಿನ ಮೇಲೆ ಒತ್ತಿದ ಕ್ಷಣವೇ ಅದು ತೆರೆಯುತ್ತದೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಬ್ರೌಸರು ತನ್ನ ಕೈಯನ್ನು ತಡೆದುಕೊಂಡು, ಆ ಕ್ಲಿಕ್ಕಿನ ಸಮಾಚಾರವನ್ನು ಮೊದಲು ಪುಟದ ಅತ್ಯುನ್ನತ ಸ್ತರದಿಂದ ಕೆಳಮುಖವಾಗಿ ಕಳುಹಿಸುತ್ತದೆ. ಚಾಮರಾಜನಗರದಿಂದ ಹೊರಟ ಕಾಗದವು ಹನೂರು ತಾಲ್ಲೂಕು ಕಚೇರಿಗಿಳಿದು, ಹೋಬಳಿಯನ್ನು ಹಾದು, ಒಡೆಯರಪಾಳ್ಯವನ್ನು ಮುಟ್ಟಿ, ಪುನಃ ಅದೇ ಮಾರ್ಗವಾಗಿ ಜಿಲ್ಲಾಕೇಂದ್ರಕ್ಕೆ ಏರುವಂತೆ, ಆ ಸಮಾಚಾರವು ಒಂದರೊಳಗೊಂದು ಅಡಕವಾಗಿರುವ ಪೆಟ್ಟಿಗೆಗಳನ್ನೆಲ್ಲ ದಾಟಿ ಲಿಂಕನ್ನು ತಲುಪಿ ಮರಳಿ ಮೇಲೇರುತ್ತದೆ. ದಾರಿಯಲ್ಲಿರುವ ಯಾವ ಅಧಿಕಾರಿಯಾದರೂ ‘ಪ್ರಿವೆಂಟ್‌ಡೀಫಾಲ್ಟ್’ ಎಂಬ ಒಂದೇ ಷರಾ ಬರೆದರೆ ಸಾಕು, ಪಯಣ ಮುಗಿದ ಬಳಿಕ ಬ್ರೌಸರು ವಿನಯದಿಂದ ಸುಮ್ಮನಾಗುತ್ತದೆ. 2000ನೇ ಇಸವಿಯಲ್ಲಿ ಪ್ರಮಾಣೀಕೃತವಾದ ಈ ವ್ಯವಸ್ಥೆಯೆಲ್ಲವೂ ಕಣ್ಣೆವೆ ಇಕ್ಕುವುದರೊಳಗೆ ನಡೆದುಹೋಗುತ್ತದೆ.

ಈ ಷರಾ ಬರೆಯುವವರು ದುಷ್ಟರೆಂದು ತಿಳಿಯಬೇಕಾಗಿಲ್ಲ. ಪ್ರತಿ ಕ್ಲಿಕ್ಕಿಗೂ ಇಡೀ ಪುಟವನ್ನು ತರಿಸುವ ಬದಲು ಬೇಕಾದಷ್ಟು ಭಾಗವನ್ನೇ ತರಿಸಿ ಜೋಡಿಸುವುದು ಇಂದಿನ ರೀತಿಯಾದ್ದರಿಂದ, ಬ್ರೌಸರಿನ ಸಹಜಕ್ರಿಯೆಯನ್ನು ತಡೆಯುವುದು ಅವರಿಗೆ ಅಗತ್ಯವೇ. ಆದರೆ ಸಮಾಚಾರದೊಡನೆ ಕಂಟ್ರೋಲ್ ಕೀಲಿ ಒತ್ತಲ್ಪಟ್ಟಿತ್ತೇ, ಮೌಸಿನ ಯಾವ ಗುಂಡಿ ಒತ್ತಲ್ಪಟ್ಟಿತು ಎಂಬ ವಿವರವೂ ಬಂದಿರುತ್ತದೆ (ಎಡಗುಂಡಿಗೆ 0, ನಡುವಣ ಚಕ್ರಕ್ಕೆ 1, ಬಲಗುಂಡಿಗೆ 2 ಎಂಬ ಸಂಖ್ಯೆಗಳು). ಅದನ್ನು ನೋಡಿ, ಕಂಟ್ರೋಲ್ ಒತ್ತಿದ್ದರೆ ತಾವು ಅಡ್ಡಬಾರದೆ ಬಿಡಬೇಕೆಂಬ ಒಂದು ಸಾಲನ್ನು ಬರೆಯಲು ಮರೆಯುತ್ತಾರೆ. ಆ ಒಂದು ಸಾಲಿನ ಆಲಸ್ಯಕ್ಕೆ ಒಡೆಯರಪಾಳ್ಯದ ಅಂಗಡಿಯಲ್ಲಿ ಸರದಿ ಬೆಳೆಯುತ್ತದೆ. ಬ್ಯಾಂಕುಗಳಂಥ ಕೆಲವು ತಾಣಗಳು ಮಾತ್ರ, ಎರಡು ಟ್ಯಾಬುಗಳಲ್ಲಿ ಒಂದೇ ವ್ಯವಹಾರ ಗೊಂದಲಗೊಂಡೀತೆಂದು, ಬುದ್ಧಿಪೂರ್ವಕವಾಗಿಯೇ ತಡೆಯುತ್ತವೆ.

ಬ್ರೌಸರು ಎಲ್ಲವನ್ನೂ ಬಿಟ್ಟುಕೊಟ್ಟಿಲ್ಲವೆಂಬುದೂ ಸ್ವಾರಸ್ಯಕರವೇ. ಸಾಮಾನ್ಯ ಟ್ಯಾಬುಗಳಲ್ಲಿ ಹೊಸ ಟ್ಯಾಬಿನ ಕಂಟ್ರೋಲ್-ಟಿ, ಮುಚ್ಚುವ ಕಂಟ್ರೋಲ್-ಡಬ್ಲ್ಯೂ ಇವುಗಳನ್ನು ಕ್ರೋಮ್ ಯಾವ ಪುಟಕ್ಕೂ ಮುಟ್ಟಗೊಡುವುದಿಲ್ಲ. ತನ್ನನ್ನು ಮುಚ್ಚಲೇ ಬಿಡದ ಪುಟವೊಂದಿದ್ದರೆ ನಮ್ಮ ಗತಿಯೇನು! ಹಾಗೆಯೇ 2016ರ ಅಂತ್ಯದಲ್ಲಿ ಮೊದಲು ಕ್ರೋಮಿನಲ್ಲಿಯೂ ಅನಂತರ ಇತರೆಡೆಗಳಲ್ಲಿಯೂ ಚಕ್ರದ ಒತ್ತನ್ನು ಸಾಮಾನ್ಯ ಕ್ಲಿಕ್ಕಿನಿಂದ ಪ್ರತ್ಯೇಕಿಸಿ ಬೇರೆ ಹೆಸರಿನಿಂದ ಕಳುಹಿಸತೊಡಗಿದ್ದರಿಂದ, ಕಂಟ್ರೋಲ್ ಸೋತ ಅನೇಕ ಕಡೆಗಳಲ್ಲಿ ಮೌಸಿನ ಚಕ್ರವನ್ನು ಲಿಂಕಿನ ಮೇಲೆ ಒತ್ತಿದರೆ ಹೊಸ ಟ್ಯಾಬು ತೆರೆಯುತ್ತದೆ. ನಮ್ಮ ವಾಚಕರು ಮೊದಲು ಇದನ್ನು ಪರೀಕ್ಷಿಸಿ ನೋಡಲಿ.

ಅದೂ ವಿಫಲವಾದರೆ ಮೌಸಿನ ಬಾಣವನ್ನು ಲಿಂಕಿನ ಮೇಲೆ ನಿಲ್ಲಿಸಿ, ಪರದೆಯ ಎಡಭಾಗದ ಕೆಳತುದಿಯನ್ನು ಗಮನಿಸಬೇಕು. ಅಲ್ಲಿ ವಿಳಾಸವು ಮೂಡದಿದ್ದರೆ, ಅಥವಾ ‘ಜಾವಾಸ್ಕ್ರಿಪ್ಟ್’ ಎಂದು ಆರಂಭವಾಗುವ ಸಾಲು ಮೂಡಿದರೆ, ಅದು ಲಿಂಕಿನ ವೇಷ ತೊಟ್ಟ ಗುಂಡಿಯೇ ಹೊರತು ಲಿಂಕಲ್ಲ; ತೆರೆಯಲು ವಿಳಾಸವೇ ಇಲ್ಲದಿರುವಾಗ ಯಾವ ಕೀಲಿ ಒತ್ತಿದರೂ ವ್ಯರ್ಥ. ಆಗ ಮೇಲಿರುವ ಟ್ಯಾಬಿನ ಮೇಲೆಯೇ ಬಲಗುಂಡಿ ಒತ್ತಿ, ‘ಡೂಪ್ಲಿಕೇಟ್’ ಎಂಬುದನ್ನು ಆರಿಸಿ, ಪಟ್ಟಿಯ ಇನ್ನೊಂದು ಪ್ರತಿಯನ್ನು ಪಡೆದು ಮುಂದುವರಿಯಬಹುದು. ವಿಳಾಸ ಮೂಡಿದರೆ ಲಿಂಕಿನ ಮೇಲೆಯೇ ಬಲಗುಂಡಿ ಒತ್ತಿ, ಹೊಸ ಟ್ಯಾಬಿನಲ್ಲಿ ತೆರೆಯುವ ಆಯ್ಕೆಯನ್ನು ಆರಿಸಬಹುದು. ಹೀಗೆ ಬಲಗುಂಡಿ ಒತ್ತುವುದನ್ನೇ ನಿಷೇಧಿಸಿರುವ ಪುಟಗಳಲ್ಲಿ, ಫೈರ್‌ಫಾಕ್ಸ್ ಬಳಸುವವರು ಶಿಫ್ಟ್ ಕೀಲಿಯೊಡನೆ ಬಲಗುಂಡಿ ಒತ್ತಿದರೆ ಪುಟದ ನಿಷೇಧವನ್ನು ಲೆಕ್ಕಿಸದೆ ಆಯ್ಕೆಗಳ ಪಟ್ಟಿ ತೆರೆಯುತ್ತದೆ.